ಮನೆ–ಕೆಲಸದ ಜಗ್ಗಾಟವನ್ನು ನಾನು ಅಳೆದ ಬಗೆ

ಕೆಲಸಕ್ಕೂ ಸಂಸಾರಕ್ಕೂ ನಡೆಯುವ ಜಗ್ಗಾಟವನ್ನು ಅಳೆಯಲು ಪ್ರಶ್ನೆಪಟ್ಟಿ ಆಗಲೇ ಇದೆ, ಹೊಸದಾಗಿ ಬರೆಯಬೇಕಾಗಿಲ್ಲ. ನಾನು ಬಳಸಿದ್ದು ನೆಟ್‌ಮೇಯರ್, ಬೋಲ್ಸ್, ಮ್ಯಾಕ್‌ಮರಿಯನ್ ಅನ್ನುವ ಸಂಶೋಧಕರು 1996ರಲ್ಲಿ ಮಾಡಿದ್ದು. ಒಟ್ಟು 10 ಹೇಳಿಕೆ. ಕೆಲಸ ಮನೆಗೆ ಅಡ್ಡ ಬರುತ್ತದಾ ಅನ್ನುವುದಕ್ಕೆ 5, ಮನೆ ಕೆಲಸಕ್ಕೆ ಅಡ್ಡ ಬರುತ್ತದಾ ಅನ್ನುವುದಕ್ಕೆ 5. ಪ್ರತಿಯೊಂದನ್ನೂ ಎಷ್ಟು ಒಪ್ಪುತ್ತೀರಿ ಅನ್ನುವುದಕ್ಕೆ 1ರಿಂದ 7ರವರೆಗೆ ಅಂಕ. ಎರಡು ದಿಕ್ಕಿನ ಅಂಕಗಳನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು, ಕೂಡಿಸಿದರೆ ಯಾವುದು ಯಾವುದನ್ನು ಜಗ್ಗುತ್ತಿದೆ ಅನ್ನುವುದೇ ತಿಳಿಯುವುದಿಲ್ಲ.

ನಾನು ಕೇಳಿದ್ದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು, ಪೀಣ್ಯ ಮತ್ತು ಮೈಸೂರು ರಸ್ತೆ ಕಡೆಯವರನ್ನು. ಪಟ್ಟಿ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಇಂಥ ಕೆಲಸ ಅಲ್ಲ ಅನ್ನುವುದು ಓದುತ್ತಿದ್ದ ಹಾಗೇ ಗೊತ್ತಾಗುತ್ತದೆ. ಮನೆಯ ಕಾರಣಕ್ಕೆ ಆಫೀಸಿನ ಕೆಲಸ ಮುಂದಕ್ಕೆ ಹಾಕಬೇಕಾಗುತ್ತದೆ ಅಂತ ಒಂದು ಹೇಳಿಕೆ ಇದೆ. ಲೈನಿನಲ್ಲಿ ಕೂತವರು ಏನನ್ನು ಮುಂದಕ್ಕೆ ಹಾಕುತ್ತಾರೆ? ಹಿಂದಿನ ಮಿಷನ್ನಿನಿಂದ ಪೀಸು ಬರುತ್ತಲೇ ಇರುತ್ತದೆ, ಗಂಟೆಗೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ, ಸೂಪರ್‌ವೈಸರ್ ತಲೆ ಮೇಲೆ ನಿಂತಿರುತ್ತಾರೆ. ಅದರ ಬದಲು ತಡವಾಗಿ ಹೋಗಿದ್ದು, ರಜೆ ಹಾಕಿ ಸಂಬಳ ಕಟ್ ಆಗಿದ್ದು, ಓಟಿ ಬೇಡ ಅಂದಿದ್ದು, ಇವನ್ನು ಕೇಳಿದೆ. ಏಳು ಮೆಟ್ಟಿಲಿನ ಅಂಕವನ್ನೂ ಬಿಟ್ಟೆ. ಓದಿ ಹೇಳಿ ಉತ್ತರ ಕೇಳುವಾಗ "ಸ್ವಲ್ಪ ಒಪ್ಪುತ್ತೀರಾ, ತಕ್ಕಮಟ್ಟಿಗೆ ಒಪ್ಪುತ್ತೀರಾ" ಅಂದರೆ ಎದುರಿಗಿರುವವರಿಗೆ ಸುಮ್ನೆ ಕಿರಿಕಿರಿ. ಹೋದ ತಿಂಗಳಲ್ಲಿ ಇಲ್ಲವೇ ಇಲ್ಲ, ಅಪರೂಪಕ್ಕೆ, ಆಗಾಗ, ಯಾವಾಗಲೂ, ಇಷ್ಟೇ ಸಾಕಾಯಿತು. ಹೀಗೆ ಬದಲಾಯಿಸಿದ ಮೇಲೆ ನಿಮ್ಮ ಸರಾಸರಿಯನ್ನು ಬೇರೆಯವರ ಸರಾಸರಿ ಪಕ್ಕ ಇಟ್ಟು ಹೋಲಿಸುವ ಹಾಗಿಲ್ಲ, ಅದು ನೆನಪಿರಲಿ.

ಎಲ್ಲಿ ಕೇಳುತ್ತೀರಿ ಅನ್ನುವುದೂ ಮುಖ್ಯ. ಫ್ಯಾಕ್ಟರಿ ಒಳಗೆ ಕೇಳಿದರೆ ಕೆಲಸದಿಂದ ಏನೂ ತೊಂದರೆ ಇಲ್ಲ ಅನ್ನುತ್ತಾರೆ, ಮನೆಯಲ್ಲಿ ಅತ್ತೆ ಎದುರಿಗೆ ಕೇಳಿದರೆ ಮನೆಯಿಂದ ಏನೂ ತೊಂದರೆ ಇಲ್ಲ ಅನ್ನುತ್ತಾರೆ. ಭಾನುವಾರ ಬಟ್ಟೆ ಒಗೆದು ಮುಗಿದ ಮೇಲೆ, ಒಬ್ಬೊಬ್ಬರನ್ನೇ, ಎರಡೂ ಅಲ್ಲದ ಜಾಗದಲ್ಲಿ ಕೂರಿಸಿಕೊಂಡು ಕೇಳಿದೆ.

ಇಷ್ಟೆಲ್ಲ ಮಾಡಿದರೂ ಮನೆಯಿಂದ ಕೆಲಸಕ್ಕೆ ಅಡ್ಡಿ ಅನ್ನುವ ಕಡೆ ಅಂಕ ತೀರಾ ಕಡಿಮೆ ಬಂತು. ಅದನ್ನು ಹಾಗೇ ವರದಿಗೆ ಹಾಕಿದ್ದರೆ ಓದಿದವರು ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಿದ್ದರು. ಒಬ್ಬರಂತೂ ಎಲ್ಲದಕ್ಕೂ "ಇಲ್ಲವೇ ಇಲ್ಲ" ಅಂದರು. ಮಗು ಯಾರ ಹತ್ತಿರ ಇರುತ್ತದೆ ಅಕ್ಕ ಅಂದೆ.

"ಊರಲ್ಲಿ ನಮ್ಮಮ್ಮನ ಹತ್ರ ಬಿಟ್ಟಿದೀನಿ ಮೇಡಂ. ಹಬ್ಬಕ್ಕೆ ಹೋದಾಗ ನೋಡ್ತೀನಿ."

ಅಂಕ ಕಡಿಮೆ ಆಗಿದ್ದು ಹಾಗೆ. ಪಟ್ಟಿ ಕೇಳುವುದು ಅಡ್ಡಿ ಆಯಿತಾ ಅಂತ ಮಾತ್ರ. ಅಡ್ಡಿ ಆಗದ ಹಾಗೆ ನೋಡಿಕೊಳ್ಳುವುದಕ್ಕೆ ಏನು ತೆತ್ತಿರಿ ಅಂತ ಕೇಳುವುದಿಲ್ಲ. ಬೆಳಗಿನ ಜಾವ ಎದ್ದು ನೀರು ಹಿಡಿದು, ಎರಡು ಹೊತ್ತಿನ ಅಡುಗೆ ಮಾಡಿಟ್ಟು, ಬುತ್ತಿ ಕಟ್ಟಿ, ಪಂಚಿಂಗಿಗೆ ಸರಿಯಾಗಿ ಗೇಟಿನ ಹತ್ತಿರ ನಿಂತವರಿಗೆ ಮನೆಯಿಂದ ಕೆಲಸಕ್ಕೆ ಅಡ್ಡಿ ಆಗಲೇ ಇಲ್ಲ, ಅಲ್ವಾ? ಅಡ್ಡ ಬಂದಿದ್ದು ನಿದ್ದೆಗೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97. ಆ ನಿಮಿಷಗಳು ನನ್ನ 10 ಹೇಳಿಕೆಗಳಲ್ಲಿ ಎಲ್ಲೂ ಕಾಣಿಸುತ್ತಿರಲಿಲ್ಲ.

ಅದಕ್ಕೇ ಪಟ್ಟಿಯ ಜೊತೆ ಇನ್ನೊಂದಿಷ್ಟು ಪ್ರಶ್ನೆ ಸೇರಿಸಿದೆ. ನಿನ್ನೆ ಎಷ್ಟು ಹೊತ್ತಿಗೆ ಎದ್ದಿರಿ, ಎಷ್ಟು ಹೊತ್ತಿಗೆ ಮಲಗಿದಿರಿ? ಹೋದ ಸಲ ಮಗುವಿಗೆ ಜ್ವರ ಬಂದಾಗ ಯಾರು ಉಳಿದರು, ಯಾರ ಸಂಬಳ ಹೋಯಿತು? ಫ್ಯಾಕ್ಟರಿಯಲ್ಲಿ ಶಿಶುಪಾಲನಾ ಕೋಣೆ ಇದೆಯಾ, ಇದ್ದರೆ ಮಗುವನ್ನು ಅಲ್ಲಿ ಬಿಡುತ್ತೀರಾ, ಇಲ್ಲ ಅಂದರೆ ಯಾಕೆ? 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಆ ಕೋಣೆ ಇರಲೇಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳುತ್ತಿತ್ತು. ಕೋಣೆ ಇದ್ದರೂ ನೂಕುನುಗ್ಗಲಿನ ಬಸ್ಸಿನಲ್ಲಿ ಕಂಕುಳ ಮಗುವನ್ನು ಯಾರು ಕರೆದುಕೊಂಡು ಬರುತ್ತಾರೆ ಅನ್ನುವ ಉತ್ತರ ಬರುತ್ತದೆ, ಅದೂ ಲೆಕ್ಕಕ್ಕೆ ಬೇಕು.

ಕೆಲಸ ಬಿಟ್ಟವರನ್ನೂ ಹುಡುಕಿ ಕೇಳಲೇಬೇಕು. ಜಗ್ಗಾಟ ತೀರಾ ಜಾಸ್ತಿ ಆದವರು ಲೈನಿನಲ್ಲಿ ಉಳಿದಿರುವುದೇ ಇಲ್ಲ. ಬಿಟ್ಟು ಪಿಎಫ್ ತೆಗೆದು ಸ್ಕೂಲ್ ಫೀಸೋ ಸಾಲವೋ ತೀರಿಸಿ, ಆಮೇಲೆ ಇನ್ನೊಂದು ಫ್ಯಾಕ್ಟರಿ ಸೇರುವವರಿದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವುದಕ್ಕೆ ಕಟ್ಟುಪಾಡು ಹಾಕಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದಿದ್ದು, ಆ ನಿಯಮವನ್ನು ಸರ್ಕಾರ ಹಿಂದಕ್ಕೆ ತೆಗೆದುಕೊಂಡಿದ್ದು ನೆನಪಿರಬಹುದು.

ಇನ್ನು ಕ್ರಾನ್‌ಬಾಕ್ ಆಲ್ಫಾ. ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ನೋಡುವ ಲೆಕ್ಕ ಅದು, 0.70 ದಾಟಿದರೆ ಸಾಕು ಅನ್ನುವುದು ರೂಢಿ. ಸಂಶೋಧನೆಗೆ ಮಾರ್ಗದರ್ಶನ ಮಾಡುವ ಗೈಡುಗಳು ಮೊದಲು ಕೇಳುವುದೂ ಇದನ್ನೇ. ಆದರೆ ಬೇಗ ಮುಗಿಯಲಿ ಅಂತ ಕೆಲವರು ಎಲ್ಲದಕ್ಕೂ "ಯಾವಾಗಲೂ", ಇನ್ನು ಕೆಲವರು ಎಲ್ಲದಕ್ಕೂ "ಇಲ್ಲ" ಅಂದರೂ ಆಲ್ಫಾ ಏರುತ್ತದೆ. ಹಾಗಾಗಿ ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋದೆ.

ವರದಿಯಲ್ಲಿ ಒಟ್ಟು ಸರಾಸರಿ ಹಾಕಲಿಲ್ಲ. ಮಗು ಜೊತೆಗಿರುವವರು, ಮಗುವನ್ನು ಊರಲ್ಲಿ ಬಿಟ್ಟವರು, ಕೆಲಸ ಬಿಟ್ಟವರು, ಈ ಮೂರು ಗುಂಪಿಗೂ ಬೇರೆಬೇರೆ ಸಾಲು. ಪ್ರತಿ ಸಾಲಿನಲ್ಲೂ ಎರಡು ದಿಕ್ಕಿನ ಅಂಕ, ಪಕ್ಕದಲ್ಲೇ ನಿದ್ದೆಯ ಗಂಟೆ.