ಒಂದೇ ಮನೆ, ನಾಲ್ಕು ನಂಬರು

ಮಿಶಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ನಾವು ಮನೆ ಮಾಡಿದ್ದು 1999ರಲ್ಲಿ. ಆಗ ನಮ್ಮದು 13ನೇ ಕ್ಷೇತ್ರ, ಪ್ರತಿನಿಧಿ ಲಿನ್ ರಿವರ್ಸ್. 2003ರಲ್ಲಿ ಅದು 15 ಆಯಿತು, 2013ರಲ್ಲಿ 12, 2023ರಲ್ಲಿ 6. ನಾವು ಮಾತ್ರ ಅದೇ ಮನೆಯಲ್ಲಿದ್ದೇವೆ. 2003ರಿಂದ ಪ್ರತಿನಿಧಿಯ ಮನೆತನವೂ ಅದೇ. ಮೊದಲು ಜಾನ್ ಡಿಂಗೆಲ್, 2015ರಿಂದ ಅವರ ಹೆಂಡತಿ ಡೆಬ್ಬಿ ಡಿಂಗೆಲ್.

ಇಲ್ಲಿನ ಒಂದು ಮತದಾರರ ಗುಂಪಿಗಾಗಿ ನಾನು ಮಿಶಿಗನ್‌ನಿಂದ ಅಮೆರಿಕದ ಕಾಂಗ್ರೆಸ್ಸಿನ ಕೆಳಮನೆಗೆ ಹೋದವರ ಪಟ್ಟಿ ನೋಡಿಕೊಳ್ಳುತ್ತೇನೆ. (ಕಾಂಗ್ರೆಸ್ ಅಂದ್ರೆ ಇಲ್ಲಿ ಪಕ್ಷ ಅಲ್ಲ, ದೇಶದ ಸಂಸತ್ತು.) ರಾಜ್ಯ ಹುಟ್ಟಿದ 1837ರಿಂದ ಇವತ್ತಿನವರೆಗೂ ಅದರಲ್ಲಿದೆ. ಯಾರಾದರೂ ಫೋನ್ ಮಾಡಿ "ನಮ್ಮ ಪ್ರತಿನಿಧಿ ಯಾರು?" ಅಂತ ಕೇಳಿದರೆ ಉತ್ತರ ಈ ಪಟ್ಟಿಯಿಂದಲೇ ಹೋಗಬೇಕು. ತಪ್ಪಿದರೆ ಅವರ ಪತ್ರ ಬೇರೆಯವರ ಕಚೇರಿಗೆ ಹೋಗುತ್ತದೆ.

ಊರಲ್ಲಿ ಕ್ಷೇತ್ರಕ್ಕೆ ಹೆಸರಿರುತ್ತದೆ. ಉಡುಪಿ ಹೋಗಿ ಉಡುಪಿ-ಚಿಕ್ಕಮಗಳೂರು ಆದಾಗ ಗಡಿ ಬದಲಾಗಿದೆ ಅಂತ ಹೆಸರೇ ಹೇಳಿತು. ಇಲ್ಲಿ ಬರೀ ನಂಬರು. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆಗುತ್ತದೆ, ಸೀಟು ಹಂಚಿಕೆ ಆಗುತ್ತದೆ, ನಕ್ಷೆ ಹೊಸದಾಗಿ ಬರೆಯುತ್ತಾರೆ. 1960ರ ಗಣತಿಯ ನಂತರ ಮಿಶಿಗನ್‌ಗೆ 19 ಸೀಟಿತ್ತು, ಈಗ 13. ನಕ್ಷೆ ಬರೆಯುವ ಕೆಲಸವನ್ನು 2018ರಲ್ಲಿ ಜನರೇ ಮತ ಹಾಕಿ ಶಾಸಕರ ಕೈಯಿಂದ ತೆಗೆದು 13 ಜನ ನಾಗರಿಕರ ಆಯೋಗಕ್ಕೆ ಕೊಟ್ಟರು. ಈಗಿನ ನಕ್ಷೆಯನ್ನು ಆಯೋಗ 2021ರ ಡಿಸೆಂಬರ್ 28ರಂದು ಒಪ್ಪಿಕೊಂಡಿತು.

ಮೊದಲು ನಾನು ನಂಬರಿಗೊಂದು ಹಾಳೆ ಇಟ್ಟಿದ್ದೆ. 13ನೇ ಹಾಳೆಯಲ್ಲಿ ರಶೀದಾ ತ್ಲೈಬ್, ಅವರ ಕೆಳಗೆ 2023ರಿಂದ ಶ್ರೀ ಥಾಣೇದಾರ್. ನಮ್ಮ ಬೆಳಗಾವಿಯಲ್ಲಿ ಬೆಳೆದ ಥಾಣೇದಾರ್ ಗೆದ್ದಾಗ ಊರಿಂದ ಅಣ್ಣ ಫೋನ್ ಮಾಡಿದ, ನಾನು ಖುಷಿಯಿಂದ ಆ ಹಾಳೆ ಕಳಿಸಿದೆ. "ಹಾಗಾದ್ರೆ ಆಯಮ್ಮ ಸೋತ್ರಾ?" ಅಂದ. ಅವರು ಸೋತಿರಲಿಲ್ಲ. 12ನೇ ಕ್ಷೇತ್ರದಿಂದ ನಿಂತು ಗೆದ್ದಿದ್ದರು. ಅದೇ ಸಲ ಬಿಲ್ ಹೈಜೆಂಗಾ 2ರಿಂದ 4ಕ್ಕೆ ಹೋದರು, ಜಾನ್ ಮೂಲೆನಾರ್ 4ರಿಂದ 2ಕ್ಕೆ ಬಂದರು. ನನ್ನ ಹಾಳೆ ನೋಡಿದವರಿಗೆ ಇಬ್ಬರೂ ಒಬ್ಬರನ್ನೊಬ್ಬರು ಸೋಲಿಸಿದಂತೆ ಕಾಣುತ್ತಿತ್ತು.

ಹಾಳೆಗಳನ್ನೆಲ್ಲ ಒಡೆದು ಹೊಸದಾಗಿ ಕಟ್ಟಿದೆ. ಈಗ ಒಂದು ಸಾಲು ಅಂದ್ರೆ ಒಬ್ಬ ವ್ಯಕ್ತಿ, ಒಂದು ನಂಬರು, ಒಂದು ನಕ್ಷೆ. ನಕ್ಷೆ ಬದಲಾದರೆ ಅದೇ ವ್ಯಕ್ತಿಗೂ ಹೊಸ ಸಾಲು. ಜಾನ್ ಡಿಂಗೆಲ್ 1955ರ ಡಿಸೆಂಬರ್‌ನಿಂದ 2015ರ ಜನವರಿವರೆಗೆ ಒಂದು ದಿನವೂ ಬಿಡದೆ ಇದ್ದವರು. ಅವರ ನಂಬರು 15, 16, ಮತ್ತೆ 15, ಆಮೇಲೆ 12. ಮೊದಲ 15 ಡೆಟ್ರಾಯ್ಟ್ ಕಡೆಯದು, ಎರಡನೇ 15ರಲ್ಲಿ ನಮ್ಮ ಆನ್ ಆರ್ಬರ್ ಇತ್ತು. ಎರಡನ್ನೂ ಒಂದೇ ಅಂತ ಬರೆಯುವುದು ಸುಳ್ಳು ಬರೆದ ಹಾಗೆ.

ನನಗೆ ಇವತ್ತಿಗೂ ಬೇಜಾರಾಗುವ ತಪ್ಪು ಬೇರೆಯದು. ತ್ಲೈಬ್‌ಗಿಂತ ಮೊದಲು 13ನೇ ಕ್ಷೇತ್ರದ ಪ್ರತಿನಿಧಿಯಾಗಿದ್ದ ಜಾನ್ ಕಾನ್ಯರ್ಸ್ 2017ರ ಡಿಸೆಂಬರ್ 5ರಂದು ರಾಜೀನಾಮೆ ಕೊಟ್ಟರು. ನನ್ನ ಪಟ್ಟಿಯಲ್ಲಿ ಅವರ ನಂತರ ನೇರ ತ್ಲೈಬ್. ಒಂದು ದಿನ ಡೆಟ್ರಾಯ್ಟ್‌ನ ಹಿರಿಯರೊಬ್ಬರು ಫೋನ್ ಮಾಡಿ, "ನಾನು ಬ್ರೆಂಡಾ ಜೋನ್ಸ್‌ಗೆ ಮತ ಹಾಕಿದ್ದೆ. ಅವರು ಗೆದ್ದಿದ್ದರು. ಎಲ್ಲಿ ಅವರು?" ಅಂದರು. 2018ರ ನವೆಂಬರ್ 6ರಂದು ಆ ಕ್ಷೇತ್ರದವರು ಒಂದೇ ಸೀಟಿಗೆ ಎರಡು ಸಲ ಮತ ಹಾಕಿದ್ದರು. ಕಾನ್ಯರ್ಸ್ ಬಿಟ್ಟ ಅವಧಿಯ ಉಳಿದ ದಿನಗಳಿಗೆ ಒಂದು, ಜನವರಿಯಿಂದ ಶುರುವಾಗುವ ಎರಡು ವರ್ಷಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಜೋನ್ಸ್, ಎರಡನೆಯದರಲ್ಲಿ ತ್ಲೈಬ್. ಜೋನ್ಸ್ ಪ್ರಮಾಣವಚನ ತೆಗೆದುಕೊಂಡಿದ್ದು ನವೆಂಬರ್ 29ಕ್ಕೆ, ಅವಧಿ ಮುಗಿದಿದ್ದು 2019ರ ಜನವರಿ 3ಕ್ಕೆ. ಐದು ವಾರ. ಆ ಐದು ವಾರವನ್ನು ನಾನು ಅಳಿಸಿಬಿಟ್ಟಿದ್ದೆ, ಜೊತೆಗೆ ಸೀಟು ಸುಮಾರು ಒಂದು ವರ್ಷ ಖಾಲಿ ಇದ್ದದ್ದನ್ನೂ. ಆ ಕ್ಷೇತ್ರದ ಲಕ್ಷಾಂತರ ಜನರಿಗೆ ಅಷ್ಟು ದಿನ ಸದನದಲ್ಲಿ ಮತ ಹಾಕುವವರೇ ಇರಲಿಲ್ಲ. ಅದೂ ದಾಖಲೆಯೇ ಅಲ್ವಾ?

ಈಗ ಖಾಲಿ ಸೀಟಿಗೂ ಒಂದು ಸಾಲು ಬರೆಯುತ್ತೇನೆ. ಗೆದ್ದ ದಿನ, ಪ್ರಮಾಣವಚನದ ದಿನ ಬೇರೆ ಬೇರೆ ಕಾಲಂ. ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ತಾರೀಕು ಹಿಡಿದು, ಆ ದಿನ ನಡೆಯುತ್ತಿದ್ದ ಸಾಲುಗಳನ್ನು ಎಣಿಸುತ್ತೇನೆ. ರಾಜ್ಯಕ್ಕೆ 14 ಸೀಟಿದ್ದ ಕಾಲವಾದರೆ 14 ಸಾಲು ಸಿಗಬೇಕು. 13 ಬಂದರೆ ಯಾರೋ ಬಿಟ್ಟುಹೋಗಿದ್ದಾರೆ. 2012ರಲ್ಲಿ ಬರೀ ಕೆಲವು ವಾರ ಇದ್ದ ಡೇವಿಡ್ ಕರ್ಸನ್ ನನಗೆ ಸಿಕ್ಕಿದ್ದು ಹೀಗೆ.

1963ಕ್ಕೆ ಎಣಿಸಿದಾಗ ಒಂದು ಸಾಲಿಗೆ ನಂಬರೇ ಇರಲಿಲ್ಲ. ಅದು ತಪ್ಪಲ್ಲ. 19ನೇ ಸೀಟು ಬಂದಿತ್ತು, ನಕ್ಷೆ ಬದಲಾಗಿರಲಿಲ್ಲ, ಹಾಗಾಗಿ ನೀಲ್ ಸ್ಟೇಬ್ಲರ್ ಅವರನ್ನು ಇಡೀ ರಾಜ್ಯವೇ ಆರಿಸಿತ್ತು. ತಾರೀಕಿನಲ್ಲೂ ಹುಷಾರಾಗಿರಬೇಕು. ಈಗ ಅವಧಿ ಶುರುವಾಗುವುದು ಜನವರಿ 3ಕ್ಕೆ. 1933ರವರೆಗೆ ಅದು ಮಾರ್ಚ್ 4 ಆಗಿತ್ತು.

ಪಕ್ಷದ ಕಾಲಂಗೂ ತಾರೀಕು ಬೇಕು. ಜಸ್ಟಿನ್ ಅಮಾಷ್ 2019ರ ಜುಲೈ 4ರಂದು ರಿಪಬ್ಲಿಕನ್ ಪಕ್ಷ ಬಿಟ್ಟರು, ಸೀಟು ಬಿಡಲಿಲ್ಲ.

ಈಗ ಯಾರು ಫೋನ್ ಮಾಡಿದರೂ ನಾನು ಕ್ಷೇತ್ರದ ನಂಬರು ಕೇಳುವುದಿಲ್ಲ. ಮನೆ ಯಾವ ಬೀದಿಯಲ್ಲಿದೆ, ಯಾವ ವರ್ಷದ್ದು ಬೇಕು, ಇಷ್ಟೇ ಕೇಳುತ್ತೇನೆ. ಆ ಹಿರಿಯರಿಗೆ ನಾನೇ ವಾಪಸ್ ಫೋನ್ ಮಾಡಿ ಜೋನ್ಸ್ ಅವರ ಸಾಲನ್ನು ಓದಿ ಹೇಳಿದೆ. ಎರಡೂ ತಾರೀಕು ಇನ್ನೊಂದು ಸಲ ಓದಿ ಅಂದರು. ಓದಿದೆ.