ಬೀಟ್‌ರೂಟ್ ಹೆಚ್ಚಿ ಕೋಶಪೊರೆಯ ಕೆಲಸ ನೋಡುವುದು ಹೇಗೆ?

ಕೋಶಪೊರೆ, ಅಂದರೆ ಜೀವಕೋಶವನ್ನು ಸುತ್ತಿರುವ ತೆಳು ಪದರ, ಪರೀಕ್ಷೆಗೆ ಚಿತ್ರ ಬರೆದು ಭಾಗ ಗುರುತಿಸಿ ಮರೆತುಬಿಡುವ ವಿಷಯ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅದು ಕೆಲಸ ಮಾಡುವುದನ್ನು ಅಡುಗೆಮನೆಯಲ್ಲೇ ನೋಡಬಹುದು, ಸೂಕ್ಷ್ಮದರ್ಶಕ ಬೇಕಿಲ್ಲ. ಒಂದು ಬೀಟ್‌ರೂಟ್, ಎರಡು ಆಲೂಗಡ್ಡೆ, ಉಪ್ಪು, ಮೆಡಿಕಲ್ ಶಾಪಿನಿಂದ ಸ್ವಲ್ಪ ಸ್ಪಿರಿಟ್, ನಾಲ್ಕೈದು ಗಾಜಿನ ಲೋಟ ಇದ್ದರೆ ಸಾಕು. ಮಕ್ಕಳನ್ನೂ ಕರೆದುಕೊಳ್ಳಿ. ಚಾಕು, ಬಿಸಿನೀರು ಮಾತ್ರ ದೊಡ್ಡವರ ಕೈಯಲ್ಲಿರಲಿ. ಸ್ಪಿರಿಟ್ ಒಲೆಯ ಹತ್ತಿರ ಬೇಡವೇ ಬೇಡ.

ಮೊದಲು ಬೀಟ್‌ರೂಟ್

ಸಿಪ್ಪೆ ತೆಗೆದು ಅರ್ಧ ಇಂಚಿನ ಹೋಳು ಮಾಡಿ. ಎಲ್ಲ ಒಂದೇ ಗಾತ್ರ ಇರಲಿ. ಆಮೇಲೆ ನೀರು ತಿಳಿಯಾಗುವ ತನಕ ತೊಳೆಯಿರಿ. ಇದನ್ನು ತಪ್ಪಿಸಬೇಡಿ, ಯಾಕಂದರೆ ಚಾಕು ತಾಗಿ ಒಡೆದ ಕೋಶಗಳ ಬಣ್ಣ ಹೇಗೂ ಹೊರಗೆ ಬಂದಿರುತ್ತದೆ, ಅದನ್ನು ನೋಡಿ ನಮಗೆ ಏನೂ ತಿಳಿಯುವುದಿಲ್ಲ.

ಈಗ ಮೂರು ಲೋಟ. ಒಂದರಲ್ಲಿ ತಣ್ಣೀರು, ಒಂದರಲ್ಲಿ ಕೈ ಇಡಲಾಗದಷ್ಟು ಬಿಸಿನೀರು, ಮೂರನೆಯದರಲ್ಲಿ ಸ್ಪಿರಿಟ್. ಮೂರಕ್ಕೂ ಎರಡೆರಡು ಹೋಳು ಹಾಕಿ ಅರ್ಧ ಗಂಟೆ ಸುಮ್ನೆ ಬಿಡಿ, ಕಲಕಬೇಡಿ.

ತಣ್ಣೀರು ಹೆಚ್ಚೆಂದರೆ ತೆಳು ಗುಲಾಬಿಯಾಗಿರುತ್ತದೆ. ಬಿಸಿನೀರಿನಲ್ಲಿ ಹೋಳಿನ ಅಂಚಿನಿಂದ ಕೆಂಪು ಎಳೆ ಎಳೆಯಾಗಿ ಇಳಿದು ತಳದಲ್ಲಿ ಕೂರುವುದು ಕಾಣುತ್ತದೆ. ಸ್ಪಿರಿಟ್ಟಿನಲ್ಲೂ ಬಣ್ಣ ಬಿಟ್ಟಿರುತ್ತದೆ. ತರಕಾರಿ ಒಂದೇ, ನೀರಿಗೆ ಬಿದ್ದ ಬಣ್ಣ ಮಾತ್ರ ಬೇರೆ ಬೇರೆ. ಯಾಕೆ?

ಬೀಟ್‌ರೂಟಿನ ಬಣ್ಣ ಕೋಶದೊಳಗಿನ ಒಂದು ರಸದ ಚೀಲದಲ್ಲಿರುತ್ತದೆ. ಹೊರಗೆ ಬರಬೇಕಾದರೆ ಚೀಲದ ಪೊರೆ, ಕೋಶದ ಪೊರೆ, ಎರಡನ್ನೂ ದಾಟಬೇಕು. ಪೊರೆ ಸರಿಯಾಗಿದ್ದರೆ ಬಿಡುವುದಿಲ್ಲ. ಶಾಖ ಆ ಪೊರೆಯನ್ನೂ ಅದರಲ್ಲಿನ ಪ್ರೋಟೀನುಗಳನ್ನೂ ಕೆಡಿಸುತ್ತದೆ, ಸ್ಪಿರಿಟ್ ಪೊರೆಯ ಕೊಬ್ಬನ್ನು ಕರಗಿಸುತ್ತದೆ.

ಕೊಬ್ಬು ಎಲ್ಲಿಂದ ಬಂತು?

ಪೊರೆ ಕಟ್ಟಿರುವುದೇ ಕೊಬ್ಬಿನಿಂದ. ಇದರ ಹೆಸರು ಫಾಸ್ಫೋಲಿಪಿಡ್. ಒಂದೊಂದು ಅಣುವಿಗೂ ಒಂದು ತಲೆ, ಎರಡು ಬಾಲ. ತಲೆಗೆ ನೀರು ಇಷ್ಟ, ಬಾಲಕ್ಕೆ ಆಗಿಬರುವುದಿಲ್ಲ. ಕೋಶದ ಒಳಗೂ ನೀರು, ಹೊರಗೂ ನೀರು, ಹಾಗಾಗಿ ಬಾಲಗಳೆಲ್ಲ ನಡುವೆ ಸೇರಿ ತಲೆಗಳು ಎರಡೂ ಬದಿಗೆ ಮುಖ ಮಾಡಿ ಎರಡು ಪದರ ತಾನಾಗಿಯೇ ಆಗಿಬಿಡುತ್ತದೆ. ಯಾರೂ ಜೋಡಿಸಬೇಕಿಲ್ಲ. ದಪ್ಪ 7-8 ನ್ಯಾನೊಮೀಟರ್, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಪೊರೆ ಒಂದರ ಮೇಲೊಂದು ಇಟ್ಟರೆ ಒಂದು ಕಾಗದದ ದಪ್ಪ.

ಎರಡೇ ಪದರ ಅಂತ 1925ರಲ್ಲೇ ಹೇಳಿದವರು ನೆದರ್ಲೆಂಡ್ಸಿನ ಗಾರ್ಟರ್ ಮತ್ತು ಗ್ರೆಂಡೆಲ್. ಕೆಂಪು ರಕ್ತಕಣಗಳ ಕೊಬ್ಬು ತೆಗೆದು ನೀರಿನ ಮೇಲೆ ಹರಡಿದರು, ಅದು ಕಣಗಳ ಮೇಲ್ಮೈಗಿಂತ ಎರಡರಷ್ಟು ಜಾಗ ಹಿಡಿಯಿತು. ತಮಾಷೆ ಅಂದರೆ ಅವರು ಕೊಬ್ಬನ್ನು ಪೂರ್ತಿ ತೆಗೆದಿರಲಿಲ್ಲ, ಕಣದ ಮೇಲ್ಮೈಯನ್ನೂ ಕಡಿಮೆ ಲೆಕ್ಕ ಹಾಕಿದ್ದರು. ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ಉತ್ತರ ಸರಿ ಬಂತು! ಪೊರೆ ಗಟ್ಟಿ ಹಾಳೆಯಲ್ಲ, ಅಣುಗಳು ಅದರಲ್ಲಿ ಅತ್ತಿತ್ತ ಸರಿದಾಡುತ್ತವೆ, ನಡುನಡುವೆ ಪ್ರೋಟೀನುಗಳಿವೆ ಅನ್ನುವ ಇವತ್ತಿನ ಚಿತ್ರ ಕೊಟ್ಟವರು ಸಿಂಗರ್ ಮತ್ತು ನಿಕೋಲ್ಸನ್, 1972ರಲ್ಲಿ.

ಈಗ ಆಲೂಗಡ್ಡೆ

ಹಸಿ ಆಲೂಗಡ್ಡೆಯನ್ನು ಬೆರಳುದ್ದದ ಕಡ್ಡಿಗಳಾಗಿ ಹೆಚ್ಚಿ. ಕೆಲವು ಬರಿ ನೀರಿಗೆ, ಕೆಲವು ಎರಡು ಚಮಚ ಉಪ್ಪು ಕರಗಿಸಿದ ನೀರಿಗೆ. ಒಂದು ಗಂಟೆ ಬಿಟ್ಟು ಬಗ್ಗಿಸಿ ನೋಡಿ. ಬರಿ ನೀರಿನದು ಪಟ್ ಅಂತ ಮುರಿಯುತ್ತದೆ, ಉಪ್ಪುನೀರಿನದು ಬಾಗುತ್ತದೆ. ಉಪ್ಪು ಜಾಸ್ತಿ ಇರುವ ಕಡೆಗೆ ಕೋಶದ ನೀರು ಹೊರಟುಹೋಗಿದೆ. ಪುಸ್ತಕದ ಅಭಿಸರಣೆ ಇದೇ.

ನಮ್ಮ ಕಡೆಯವರಿಗೆ ಇದು ಹೊಸದೇನಲ್ಲ. ಅಪ್ಪೆಮಿಡಿಗೆ ಹರಳುಪ್ಪು ಹಾಕಿ ಭರಣಿಯಲ್ಲಿಟ್ಟರೆ ಒಂದು ಹನಿ ನೀರು ಹಾಕದಿದ್ದರೂ ಕೆಲವು ದಿನಕ್ಕೆ ಮಿಡಿ ಸುಕ್ಕುಗಟ್ಟಿ ಉಪ್ಪುನೀರು ಮೇಲೆ ನಿಂತಿರುತ್ತದೆ, ಅಲ್ವಾ? ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಇಂಬಳಕ್ಕೆ ಉಪ್ಪು ಹಾಕಿದರೆ ಉದುರುವುದಕ್ಕೂ ಇದೇ ಕಾರಣ.

ಇನ್ನೊಂದು ಆಲೂಗಡ್ಡೆ ಬೇಯಿಸಿ, ಇದೇ ತರ ಕಡ್ಡಿ ಮಾಡಿ ಬರಿ ನೀರಿಗೆ ಹಾಕಿ. ಎಷ್ಟು ಹೊತ್ತು ಇಟ್ಟರೂ ಅದು ಬಿಗಿಯಾಗುವುದಿಲ್ಲ. ಬೆಂದಾಗ ಪೊರೆ ಹೋಗಿದೆ, ನೀರು ಹಿಡಿದಿಡಲು ಯಾರೂ ಇಲ್ಲ. ನನ್ನ ಪ್ರಕಾರ ಶಾಲೆಯಲ್ಲಿ ಮೊದಲು ಮಾಡಿಸಬೇಕಾದದ್ದು ಇದನ್ನೇ.

ಯಾರಿಗೆ ದಾರಿ, ಯಾರಿಗಿಲ್ಲ

ತೋಟದ ದಣಪೆ ನೋಡಿದ್ದೀರಲ್ಲ, ಮನುಷ್ಯ ನುಸುಳಬಹುದು, ದನಕ್ಕೆ ಆಗುವುದಿಲ್ಲ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್‌ನಂಥ ಸಣ್ಣ ಅಣುಗಳು ಕೊಬ್ಬಿನ ಪದರದಲ್ಲಿ ಹಾಗೆಯೇ ನುಸುಳುತ್ತವೆ. ಸಕ್ಕರೆ ದೊಡ್ಡದು, ಸೋಡಿಯಂ ಸಣ್ಣದಾದರೂ ವಿದ್ಯುದಾವೇಶ ಹೊತ್ತಿದೆ. ಇವಕ್ಕೆ ಪ್ರೋಟೀನಿನ ಬಾಗಿಲೇ ಬೇಕು.

ನೀರು ಪದರದ ಮೂಲಕ ಸ್ವಲ್ಪ ನುಸುಳಿದರೂ ಬೇಗ ಹೋಗಲು ಅದಕ್ಕೂ ಬೇರೆ ಬಾಗಿಲಿದೆ, ಹೆಸರು ಅಕ್ವಾಪೋರಿನ್. ಒಂದು ಅಕ್ವಾಪೋರಿನ್ನಿನಲ್ಲಿ ಸೆಕೆಂಡಿಗೆ 300 ಕೋಟಿಯವರೆಗೆ ನೀರಿನ ಅಣುಗಳು ಸಾಲಾಗಿ ಹೋಗುತ್ತವೆ. ಇದನ್ನು ಕಂಡುಹಿಡಿದ ಪೀಟರ್ ಆಗ್ರೆಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಕೆಲವು ಪ್ರೋಟೀನುಗಳು ಪಂಪಿನಂತೆ ಶಕ್ತಿ ಖರ್ಚು ಮಾಡಿ ಕೆಲಸ ಮಾಡುತ್ತವೆ. ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣು ಒಂದು ಖರ್ಚಾದರೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ. ಡೆನ್ಮಾರ್ಕಿನ ವಿಜ್ಞಾನಿ ಜೆನ್ಸ್ ಸ್ಕೌ ಈ ಪಂಪಿನ ಪ್ರೋಟೀನಿನ ಬಗ್ಗೆ ಪ್ರಕಟಿಸಿದ್ದು 1957ರಲ್ಲಿ. ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದದ್ದೂ ಅದೇ ವರ್ಷ. ಅಂದಹಾಗೆ, ಉಣುಗು ಕಚ್ಚಿದಾಗ ಬರುವ ಆ ವೈರಸ್ ಯಾವ ಬಾಗಿಲಿಗೂ ಕಾಯುವುದಿಲ್ಲ. ಪೊರೆಗೆ ಅಂಟಿಕೊಳ್ಳುತ್ತದೆ, ಪೊರೆಯೇ ಅದನ್ನು ಸುತ್ತಿ ಒಳಗೆ ಎಳೆದುಕೊಳ್ಳುತ್ತದೆ.

ಕೊನೆಯದು ಭೇದಿಯ ಮಾತು. ಸಣ್ಣಕರುಳಿನ ಕೋಶಗಳಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಒಟ್ಟಿಗೆ ಬಂದರೆ ಮಾತ್ರ ತೆರೆಯುವ ಒಂದು ಬಾಗಿಲಿದೆ, ಅವೆರಡರ ಹಿಂದೆ ನೀರೂ ಒಳಗೆ ಹೋಗುತ್ತದೆ. ಓಆರ್‌ಎಸ್ ಪುಡಿಯಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಇರುವುದು ಅದಕ್ಕೇ. ಶಕ್ತಿ ಬರಲಿ ಅಂತ ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕಲಸಬೇಡಿ, ಆಗ ನೀರು ಮೈಯಿಂದ ಕರುಳಿಗೇ ಇಳಿದು ಭೇದಿ ಜಾಸ್ತಿಯಾಗುತ್ತದೆ. ಪ್ಯಾಕೆಟ್ ಮೇಲೆ ಎಷ್ಟು ನೀರು ಅಂತ ಬರೆದಿದೆಯೋ ಅಷ್ಟಕ್ಕೇ ಪೂರ್ತಿ ಪ್ಯಾಕೆಟ್ ಹಾಕಿ.