ಪಿನ್‌ಕೋಡನ್ನು ಒಡೆದು ನೋಡುವುದು ಹೇಗೆ?

ದೊಡ್ಡ ಸಂಖ್ಯೆ ಕಂಡ ಕೂಡಲೇ ನಮ್ಮ ಮನೆಗೆ ಪಾಠಕ್ಕೆ ಬರುವ ಮಕ್ಕಳು ಕ್ಯಾಲ್ಕುಲೇಟರ್ ಕೇಳುತ್ತಾರೆ. ನಾನು ಕೊಡುವುದಿಲ್ಲ. ನಮ್ಮ ಬಸವನಗುಡಿಯ ಪಿನ್‌ಕೋಡ್ ಬರೆದುಕೊಡುತ್ತೇನೆ: 560004. ಇದರ ಅವಿಭಾಜ್ಯ ಅಪವರ್ತನಗಳನ್ನು ಹುಡುಕಲು ಪೆನ್ಸಿಲ್, ಒಂದು ಹಾಳೆ ಸಾಕು.

ಕೊನೆಯ ಎರಡು ಅಂಕಿ 04. ಹಾಗಾಗಿ 4ರಿಂದ ಭಾಗ ಹೋಗುತ್ತದೆ, 140001 ಉಳಿಯುತ್ತದೆ. ಇನ್ನು 560004ನ್ನು ಮರೆತುಬಿಡಿ. ಸಿಕ್ಕಿದ್ದನ್ನು ಪಕ್ಕಕ್ಕೆ ಬರೆದಿಟ್ಟು, ಉಳಿದ ಚಿಕ್ಕ ಸಂಖ್ಯೆಯನ್ನೇ ಹಿಡಿದು ಮುಂದೆ ಹೋಗಬೇಕು. ಜಾಸ್ತಿ ಮಕ್ಕಳು ಸುಸ್ತಾಗುವುದು ಇದನ್ನು ಮಾಡದೆ. 140001ರ ಅಂಕಿಗಳ ಮೊತ್ತ 6, ಅಂದರೆ 3ರಿಂದ ಹೋಗುತ್ತದೆ. ಈಗ 46667. ಇದಕ್ಕೆ 2, 3, 5 ಯಾವುದೂ ಇಲ್ಲ.

7, 11, 13 ಮೂರನ್ನೂ ಒಂದೇ ಸಲ ನೋಡಬಹುದು. 7×11×13 = 1001 ಅಲ್ವಾ? ಸಾವಿರ ಅದಕ್ಕಿಂತ ಒಂದು ಕಡಿಮೆ. ಆದ್ದರಿಂದ ಕೊನೆಯ ಮೂರು ಅಂಕಿಯಿಂದ ಸಾವಿರದ ಭಾಗವನ್ನು ಕಳೆಯಿರಿ: 667 − 46 = 621. ಇದು 7, 11, 13 ಯಾವುದರಿಂದಲೂ ಹೋಗುವುದಿಲ್ಲ, ಹಾಗಾಗಿ 46667 ಕೂಡ ಹೋಗುವುದಿಲ್ಲ. 17ಕ್ಕೆ ಶೇಷ 2, 19ಕ್ಕೆ ಶೇಷ 3.

23ಕ್ಕೆ ಬಂದಾಗ ಸುಮ್ನೆ ಭಾಗಿಸಲು ಹೊರಡಬೇಡಿ, ಸಂಖ್ಯೆಯನ್ನೊಮ್ಮೆ ನೋಡಿ. 46000 ಅಂದರೆ 23×2000. ಉಳಿದ 667 ಅಂದರೆ 23×29. ಎರಡೂ ಸೇರಿ 23×2029. ಈ ಹೆಜ್ಜೆ ನನಗೆ ತುಂಬ ಇಷ್ಟ.

2029ಕ್ಕೆ ಎಲ್ಲಿಯವರೆಗೆ ಹುಡುಕಬೇಕು? 45×45 = 2025, 46×46 = 2116. ಎರಡು ಅಪವರ್ತನಗಳೂ 45ಕ್ಕಿಂತ ದೊಡ್ಡದಾಗಿದ್ದರೆ ಗುಣಲಬ್ಧ 2029ನ್ನು ದಾಟಿಬಿಡುತ್ತದೆ. ಹಾಗಾಗಿ 43ಕ್ಕೆ ನಿಲ್ಲಿಸಬಹುದು. 19ರವರೆಗಿನವು ಆಗಲೇ ಸೋತಿವೆ, ಅವನ್ನು ಮತ್ತೆ ನೋಡುವ ಅಗತ್ಯವಿಲ್ಲ. 23, 29, 31, 37, 41, 43 ಇಷ್ಟಕ್ಕೇ ಭಾಗಿಸಿ. ಶೇಷಗಳು 5, 28, 14, 31, 20, 8. ಒಂದೂ ಸೊನ್ನೆಯಲ್ಲ, ಹಾಗಾಗಿ 2029 ಅವಿಭಾಜ್ಯ.

560004 = 2×2×3×23×2029. ಇದಕ್ಕೆ ಒಟ್ಟು ಎಷ್ಟು ಭಾಜಕಗಳು? ಪ್ರತಿ ಘಾತಕ್ಕೆ, ಅಂದರೆ ಪ್ರತಿ ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಆ ಸಂಖ್ಯೆಗೆ, ಒಂದು ಕೂಡಿಸಿ ಗುಣಿಸಿ: 3×2×2×2 = 24.

1972ರಲ್ಲಿ ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಬೆಂಗಳೂರಿನ ಪಾಲಿಗೆ 560 ಬಂತು. 560000 ಅಂದರೆ 7×80000. ಆದ್ದರಿಂದ ಇಲ್ಲಿ 560ರಿಂದ ಶುರುವಾಗುವ ಯಾವ ಪಿನ್‌ಕೋಡಿಗಾದರೂ 7ನ್ನು ಪರೀಕ್ಷಿಸಲು ಕೊನೆಯ ಮೂರು ಅಂಕಿ ನೋಡಿದರೆ ಸಾಕು. ಬನಶಂಕರಿಯ 560070 ಹೋಗುತ್ತದೆ, ಜಯನಗರದ 560011 ಹೋಗುವುದಿಲ್ಲ.

ನೀವೇ ಮಾಡಿ ನೋಡಲು ಪ್ರಧಾನ ಅಂಚೆ ಕಚೇರಿಯ 560001 ತೆಗೆದುಕೊಳ್ಳಿ. 3ರಿಂದ ಹೋಗುತ್ತದೆ. 560 − 1 = 559, ಅದು 13×43, ಹಾಗಾಗಿ 13 ಕೂಡ ಸಿಕ್ಕಿತು. ಉಳಿದ 14359ಕ್ಕೆ ಸ್ವಲ್ಪ ತಾಳ್ಮೆ ಬೇಕು. 120×120 = 14400 ಆದ್ದರಿಂದ 113ರವರೆಗೆ ಹುಡುಕಬೇಕಾಗಬಹುದು, ಆದರೆ 83ರಲ್ಲೇ ಸಿಗುತ್ತದೆ: 83×173.